ನೂಲಿನ ಊರು ವೂಚ್



ಇವತ್ತು ತಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇನೆ. ಯುರೋಪ್ ಖಂಡದ ನಡುವೆ ಪೋಲೆಂಡ್ ಎಂಬ ದೇಶವಿದೆ. ನಮ್ಮ ಗಡಿಭಾಗದ ಹಿರಿಯರಿಗೆ ಈ ಹೆಸರು ತೀರ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ, 1943ರಿಂದ 1948ರವರೆಗೆ, ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ ಸುಮಾರು ಐದು ಸಾವಿರ ಮಂದಿ ಪೋಲಿಷ್ ನಿರಾಶ್ರಿತರು ಇದ್ದು ಹೋದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಇವತ್ತಿನ ಮಾತು ಅವರದ್ದಲ್ಲ, ಅವರ ದೇಶದ ಒಂದು ಗಿರಣಿ ಊರಿನದು. ಆ ಊರನ್ನು ಕಟ್ಟಿದವರಲ್ಲಿ ಮೂರನೆಯ ಒಂದು ಪಾಲು ಜನರನ್ನು ಐದೇ ವರ್ಷದಲ್ಲಿ ಇಲ್ಲವಾಗಿಸಿದರು. ಅವರ ಲೆಕ್ಕವನ್ನು ಯಾರು ಇಟ್ಟರು, ಹೇಗೆ ಇಟ್ಟರು ಎನ್ನುವುದೇ ನಾನು ಹೇಳಬೇಕೆಂದಿರುವ ಸಂಗತಿ.

ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ‘ಲೋಡ್ಜ್’ ಎನ್ನುತ್ತೇವೆ. ಆ ಊರಿನವರು ಹಾಗೆನ್ನುವುದಿಲ್ಲ. ಅವರ ಬಾಯಲ್ಲಿ ಅದು ‘ವೂಚ್’. ಪೋಲಿಷ್ ಭಾಷೆಯಲ್ಲಿ ವೂಚ್ ಎಂದರೆ ದೋಣಿ. ಊರಿನ ಲಾಂಛನವೂ ದೋಣಿಯೇ. ತಮಾಷೆ ಎಂದರೆ ಅಲ್ಲಿ ದೋಣಿ ತೇಲುವಂಥ ನದಿಯೇ ಇಲ್ಲ. ಇದ್ದ ಸಣ್ಣಪುಟ್ಟ ಹಳ್ಳಗಳ ನೀರನ್ನು ಗಿರಣಿಗಳು ಬಳಸಿಕೊಂಡವು, ಆಮೇಲೆ ಊರು ಬೆಳೆದಂತೆ ಆ ಹಳ್ಳಗಳು ನೆಲದ ಕೆಳಗಿನ ಚರಂಡಿಗಳಾದವು.

1423ರಲ್ಲೇ ರಾಜನಿಂದ ಪಟ್ಟಣವೆಂಬ ಸನ್ನದು ಸಿಕ್ಕಿತ್ತು. ಆದರೂ ನಾಲ್ಕು ನೂರು ವರ್ಷ ಅದು ಹಳ್ಳಿಯಾಗಿಯೇ ಉಳಿಯಿತು. 1820ರಲ್ಲಿ ಅಲ್ಲಿದ್ದವರು ಎಂಟು ನೂರು ಜನ ಕೂಡ ಅಲ್ಲ. ಆಗ ಪೋಲೆಂಡ್ ಸ್ವತಂತ್ರ ದೇಶವಾಗಿ ಇರಲಿಲ್ಲ. ಪ್ರಷ್ಯಾ, ಆಸ್ಟ್ರಿಯಾ, ರಷ್ಯಾ ಮೂರೂ ಸೇರಿ ಅದನ್ನು ಹಂಚಿಕೊಂಡಿದ್ದವು. ವೂಚ್ ಇದ್ದ ಭಾಗ 1815ರಿಂದ ರಷ್ಯಾದ ಚಕ್ರವರ್ತಿಯ ಅಧೀನಕ್ಕೆ ಬಂತು. ಅಲ್ಲಿನ ಆಡಳಿತ ದೇಶದೊಳಗೇ ಬಟ್ಟೆ ತಯಾರಾಗಲಿ ಎಂದು ಯೋಚಿಸಿ, 1820ರಲ್ಲಿ ವೂಚನ್ನು ಕೈಗಾರಿಕಾ ಪಟ್ಟಣವೆಂದು ಗೊತ್ತುಮಾಡಿತು. ಜರ್ಮನ್ ಸೀಮೆಗಳಿಂದ ನೇಕಾರರನ್ನು ಕರೆಸಿತು. ಬಂದವರಿಗೆ ನಿವೇಶನ, ಮನೆ ಕಟ್ಟಲು ಮರ, ಕೆಲವು ವರ್ಷ ತೆರಿಗೆ ಮಾಫಿ.

ಮಗ್ಗದ ಊರು ಗಿರಣಿಯ ಊರಾದದ್ದು ಬೇಗ. 1839ರಲ್ಲಿ ಲುಡ್ವಿಕ್ ಗೈಯರ್ ಎಂಬವನ ಗಿರಣಿಯಲ್ಲಿ ಉಗಿಯಂತ್ರ ಓಡಿತು. ಆದರೆ ನಿಜವಾದ ತಿರುವು ಬಂದದ್ದು 1851ರಲ್ಲಿ. ಪೋಲೆಂಡಿಗೂ ರಷ್ಯಾಕ್ಕೂ ನಡುವೆ ಇದ್ದ ಸುಂಕದ ಗಡಿಯನ್ನು ಆ ವರ್ಷ ತೆಗೆದುಹಾಕಿದರು. ಗಡಿಯಲ್ಲಿ ಬಾಳುವ ನಮಗೆ ಒಂದು ನಾಕೆ ಎದ್ದುಹೋದರೆ ಏನಾಗುತ್ತದೆಂದು ವಿವರಿಸಿ ಹೇಳಬೇಕಾಗಿಲ್ಲ. ವೂಚಿನ ಬಟ್ಟೆಗೆ ರಷ್ಯಾದ ವಿಶಾಲ ಬಜಾರವೆಲ್ಲ ತೆರೆಯಿತು. ಎಂಟು ನೂರು ಜನರಿಲ್ಲದ ಊರಿನಲ್ಲಿ 1897ರ ಜನಗಣತಿಗೆ ಮೂರು ಲಕ್ಷಕ್ಕೂ ಹೆಚ್ಚು ಜನ. 1914ರ ಹೊತ್ತಿಗೆ ಸುಮಾರು ಐದು ಲಕ್ಷ. ಜನ ಅದನ್ನು ಪೋಲೆಂಡಿನ ಮ್ಯಾಂಚೆಸ್ಟರ್ ಎಂದು ಕರೆದರು.

ಈಗ ಯಹೂದಿಗಳ ವಿಷಯಕ್ಕೆ ಬರೋಣ. ಯಹೂದಿಗಳು ಪೋಲೆಂಡಿನಲ್ಲಿ ನೂರಾರು ವರ್ಷಗಳಿಂದ ನೆಲೆಸಿದ್ದ ಜನ. ಅವರ ಪ್ರಾರ್ಥನೆಯ ಭಾಷೆ ಹೀಬ್ರೂ, ಮನೆಯ ಭಾಷೆ ಯಿದ್ದಿಷ್. ಯಿದ್ದಿಷ್ ಎಂದರೆ ಮೂಲದಲ್ಲಿ ಜರ್ಮನ್‌ಗೆ ಹತ್ತಿರದ ನುಡಿ, ಅದರಲ್ಲಿ ಹೀಬ್ರೂ ಮತ್ತು ಪೋಲಿಷ್ ಕಡೆಯ ಶಬ್ದಗಳು ಬೆರೆತಿವೆ, ಬರೆಯುವುದು ಹೀಬ್ರೂ ಲಿಪಿಯಲ್ಲಿ.

ವೂಚಿನಲ್ಲಿ ಮೊದಮೊದಲು ಅವರಿಗೆ ಸುಲಭವಿರಲಿಲ್ಲ. ನೇಕಾರರಿಗಾಗಿ ಹಾಕಿದ ಹೊಸ ಬಡಾವಣೆಯಲ್ಲಿ ಅವರು ಇರಕೂಡದು. 1825ರಲ್ಲಿ ಹಳೆಯ ಊರಿನ ಕೆಲವು ಬೀದಿಗಳನ್ನು ಅವರಿಗೆಂದು ಗೊತ್ತುಮಾಡಿದರು. ಹೊರಗೆ ಮನೆ ಮಾಡಬೇಕಾದರೆ ಹಣ ಬೇಕು, ಪರಭಾಷೆ ಬರಬೇಕು, ಸಾಂಪ್ರದಾಯಿಕ ಉಡುಪು ಬಿಡಬೇಕು. ಆದರೂ ವ್ಯಾಪಾರಕ್ಕೆ ಅವರು ಬೇಕಾಗಿದ್ದರು. ಕೈಮಗ್ಗದವನಿಗೆ ನೂಲು ಉದ್ದರಿ ಕೊಡುವವರು, ನೇಯ್ದ ಬಟ್ಟೆಯನ್ನು ಕೊಂಡು ಸಂತೆಯಿಂದ ಸಂತೆಗೆ ಸಾಗಿಸುವವರು ಅವರೇ. ಊರಿಗೆ ಅವರ ಬಂಡವಾಳ ಬೇಕು, ಆದರೆ ಅವರು ನೆರೆಮನೆಯವರಾಗುವುದು ಬೇಡ. 1862ರಲ್ಲಿ ಈ ನಿರ್ಬಂಧಗಳು ರದ್ದಾದವು. ಅಲ್ಲಿಂದ ಊರಿನ ಚಹರೆಯೇ ಬದಲಾಯಿತು.

ಆ ಕಾಲದ ವೂಚಿನಲ್ಲಿ ತಾವು ಒಂದು ದಿನ ಸುತ್ತಿದ್ದರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತಿತ್ತು. ಸರಕಾರಿ ಕಚೇರಿಯಲ್ಲಿ ರಷ್ಯನ್, ಅನೇಕ ಗಿರಣಿಗಳ ಕಚೇರಿಯಲ್ಲಿ ಜರ್ಮನ್, ಹಳ್ಳಿಗಳಿಂದ ಕೂಲಿಗೆ ಬಂದವರ ಬಾಯಲ್ಲಿ ಪೋಲಿಷ್, ಓಣಿ ಅಂಗಡಿಗಳಲ್ಲಿ ಯಿದ್ದಿಷ್. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿಯೋ ತೆಲುಗೋ ತಮಿಳೋ ಮಲಯಾಳವೋ ಆಡುವ ನಮಗೆ ಇದು ವಿಚಿತ್ರವಲ್ಲ. ಬೇರೆ ಬೇರೆ ಮಾತಿನವರು ಒಂದೇ ಭೋಂಗಾಕ್ಕೆ ಎದ್ದು ಒಂದೇ ಗಿರಣಿಯ ಬಾಗಿಲಿಗೆ ಬರುವುದನ್ನು ಸೊಲ್ಲಾಪುರದ ಹಿರಿಯರು ಕಣ್ಣಾರೆ ಕಂಡವರು.

ಯಹೂದಿ ಗಿರಣಿ ಮಾಲೀಕರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಇಜ್ರಾಯೆಲ್ ಪೊಜ್ನಾನ್‌ಸ್ಕಿಯದು. ಹುಟ್ಟಿದ್ದು 1833ರಲ್ಲಿ, ತೀರಿದ್ದು 1900ರಲ್ಲಿ. ತಂದೆ ಸಣ್ಣ ಬಟ್ಟೆ ವ್ಯಾಪಾರಿ. ಮಗ 1872ರಿಂದ ಓಗ್ರೊದೋವಾ ಬೀದಿಯಲ್ಲಿ ಹತ್ತಿ ಗಿರಣಿಯನ್ನು ಕಟ್ಟುತ್ತ ಹೋದ. ನೂಲುವುದು, ನೇಯುವುದು, ಬಣ್ಣ ಹಾಕುವುದು ಎಲ್ಲವೂ ಒಂದೇ ಆವರಣದೊಳಗೆ. ಪಕ್ಕದಲ್ಲೇ ಅರಮನೆಯಂಥ ಮನೆ. ಕಾರ್ಮಿಕರನ್ನು ದುಡಿಸಿಕೊಳ್ಳುವುದರಲ್ಲಿ ಬಹಳ ಕಠಿಣ ಎಂಬ ಅಪಖ್ಯಾತಿಯೂ ಇತ್ತು, ಆಸ್ಪತ್ರೆ ಕಟ್ಟಿಸಿದ ದಾನಿಯೆಂಬ ಹೆಸರೂ ಇತ್ತು. ಅವನಿಗೆ ಎದುರಾಗಿ ಜರ್ಮನ್ ಮೂಲದ ಕಾರ್ಲ್ ಶೈಬ್ಲರ್‌ನ ಹತ್ತಿ ಸಾಮ್ರಾಜ್ಯ. ಈ ಊರಿನ ಹಣದ ಹುಚ್ಚನ್ನು ಕಂಡು ಪೋಲಿಷ್ ಲೇಖಕ ರೇಮಾಂಟ್ 1899ರಲ್ಲಿ ‘ವಾಗ್ದತ್ತ ಭೂಮಿ’ ಎಂಬ ಅರ್ಥದ ಹೆಸರಿನ ಕಾದಂಬರಿ ಬರೆದ. ಅವನಿಗೆ 1924ರಲ್ಲಿ ನೊಬೆಲ್ ಬಹುಮಾನ ಬಂತು. 1975ರಲ್ಲಿ ಆಂದ್ಜೆಯ್ ವೈದಾ ಆ ಕಾದಂಬರಿಯನ್ನು ಸಿನಿಮಾ ಮಾಡಿದರು. ಒಬ್ಬ ಪೋಲಿಷ್, ಒಬ್ಬ ಜರ್ಮನ್, ಒಬ್ಬ ಯಹೂದಿ, ಮೂವರು ಗೆಳೆಯರು ಸೇರಿ ಗಿರಣಿ ಹಾಕುವ ಕಥೆ ಅದು.

ಆದರೆ ಯಹೂದಿಗಳೆಲ್ಲ ಮಾಲೀಕರಾಗಿದ್ದರು ಎಂದು ತಾವು ತಿಳಿಯಬಾರದು. ಊರಿನ ಉತ್ತರಕ್ಕೆ ಬವೂಟಿ ಎಂಬ ಹಳ್ಳಿ ಇತ್ತು. ಇಕ್ಕಟ್ಟಾದ ಮರದ ಮನೆಗಳು, ಒಳಚರಂಡಿ ಇಲ್ಲ, ನಲ್ಲಿ ಇಲ್ಲ. ಯಹೂದಿ ಕೈಮಗ್ಗದವರು, ದರ್ಜಿಗಳು, ಗಾಡಿ ಎಳೆಯುವವರು, ತಲೆಹೊರೆ ವ್ಯಾಪಾರಿಗಳು ಅಲ್ಲಿ ಸೇರಿದರು. ದೊಡ್ಡ ಯಂತ್ರಗಳ ಗಿರಣಿಯಲ್ಲಿ ಯಹೂದಿ ಕೂಲಿಗೆ ಜಾಗ ಸಿಗುವುದು ಅಪರೂಪ, ಮಾಲೀಕ ಯಹೂದಿಯಾಗಿದ್ದರೂ ಸಹ. ಯಹೂದಿಗೆ ಶನಿವಾರ ವಿಶ್ರಾಂತಿಯ ದಿನ, ಗಿರಣಿಗೆ ಭಾನುವಾರ ರಜೆ. ಜೊತೆಯ ಕೆಲಸಗಾರರ ವಿರೋಧ ಬೇರೆ. ಹೀಗಾಗಿ ಅವರು ಮನೆಯ ಮಗ್ಗದ ಮೇಲೆಯೇ ಬೆನ್ನು ಬಗ್ಗಿಸಿದರು. ಈ ಬವೂಟಿ 1915ರಲ್ಲಿ ಊರಿಗೆ ಸೇರಿತು. ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಈ ಜನ ಕೂಡಿ ಬಾಳಿದರೆ? ಕೂಡಿದ್ದೂ ಉಂಟು, ಒಡೆದದ್ದೂ ಉಂಟು. 1892ರ ಮೇ ತಿಂಗಳಲ್ಲಿ ಊರಿನ ಗಿರಣಿಗಳೆಲ್ಲ ಮುಷ್ಕರ ಹೂಡಿದವು. ಕೂಲಿಯ ಪ್ರಶ್ನೆಗಾಗಿ ಶುರುವಾದದ್ದು ಕೊನೆಗೆ ಯಹೂದಿ ಅಂಗಡಿಗಳ ಮೇಲಿನ ದಾಳಿಯಾಯಿತು. 1905ರ ಜೂನಿನಲ್ಲಿ ಇದಕ್ಕೆ ತಿರುಗಾದ ಚಿತ್ರ. ಪೋಲಿಷ್, ಯಹೂದಿ, ಜರ್ಮನ್ ಕಾರ್ಮಿಕರು ಒಟ್ಟಾಗಿ ಬೀದಿಗೆ ಅಡ್ಡಗಟ್ಟೆ ಕಟ್ಟಿ ಚಕ್ರವರ್ತಿಯ ಸೈನ್ಯವನ್ನು ಎದುರಿಸಿದರು. ನೂರಕ್ಕೂ ಹೆಚ್ಚು ಜನ ಪ್ರಾಣ ಕೊಟ್ಟರು.

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಗಿರಣಿಗಳ ಯಂತ್ರ, ಲೋಹ, ಕಚ್ಚಾ ಮಾಲು ಹೊತ್ತೊಯ್ದಿತು. ರಷ್ಯಾದಲ್ಲಿ ಕ್ರಾಂತಿಯಾಗಿ ಅಲ್ಲಿನ ಮಾರುಕಟ್ಟೆ ಮುಚ್ಚಿತು. 1918ರಲ್ಲಿ ಪೋಲೆಂಡ್ ಸ್ವತಂತ್ರವಾಯಿತು, ಊರು ಕುಂಟುತ್ತಲೇ ಮತ್ತೆ ಎದ್ದಿತು. 1931ರ ಜನಗಣತಿಯಲ್ಲಿ ಆರು ಲಕ್ಷ ಜನ, ಅವರಲ್ಲಿ ಎರಡು ಲಕ್ಷ ಯಹೂದಿಗಳು. ಮೂರರಲ್ಲಿ ಒಬ್ಬರು. ಅವರಿಗೆ ಶಾಲೆಗಳು, ಪತ್ರಿಕೆಗಳು, ನಾಟಕ ಮಂಡಳಿಗಳು, ಕಾರ್ಮಿಕ ಸಂಘಗಳು ಎಲ್ಲ ಇದ್ದವು. ಜಗತ್ಪ್ರಸಿದ್ಧ ಪಿಯಾನೋ ವಾದಕ ಆರ್ಥರ್ ರುಬಿನ್‌ಸ್ಟೈನ್ 1887ರಲ್ಲಿ ಇಲ್ಲಿಯೇ ಹುಟ್ಟಿದ್ದು. ಪೋಲಿಷ್ ಭಾಷೆಯ ದೊಡ್ಡ ಕವಿ ಯೂಲಿಯನ್ ತುವಿಮ್ 1894ರಲ್ಲಿ ಈ ಊರಿನ ಯಹೂದಿ ಮನೆಯಲ್ಲಿ ಹುಟ್ಟಿದವರು. ಅವರು ಬರೆದ ಶಿಶುಪದ್ಯಗಳನ್ನು ಪೋಲೆಂಡಿನ ಮಕ್ಕಳು ಇಂದಿಗೂ ಬಾಯಿಪಾಠ ಹೇಳುತ್ತಾರೆ.

1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಜರ್ಮನಿ ಪೋಲೆಂಡಿನ ಮೇಲೆ ಬಿತ್ತು. 8ನೆಯ ತಾರೀಖಿಗೆ ವೂಚ್ ಅವರ ಕೈಗೆ ಹೋಯಿತು. ಊರನ್ನು ಜರ್ಮನಿಗೇ ಸೇರಿಸಿಕೊಂಡು, 1940ರ ಏಪ್ರಿಲಿನಲ್ಲಿ ಒಬ್ಬ ಜರ್ಮನ್ ಸೇನಾಪತಿಯ ಹೆಸರಿನಿಂದ ‘ಲಿಟ್ಸ್‌ಮನ್‌ಸ್ಟಾಟ್’ ಎಂದು ಕರೆದರು. ಹೆಸರನ್ನು ಬದಲಿಸುವುದಕ್ಕೆ ಮುಂಚೆಯೇ ಬೇರೆ ಕೆಲಸಗಳು ನಡೆದಿದ್ದವು. ಯಹೂದಿಗಳ ಬ್ಯಾಂಕ್ ಖಾತೆಗಳನ್ನು ತಡೆಹಿಡಿದರು. ಜವಳಿ ವ್ಯಾಪಾರ ಮಾಡಕೂಡದೆಂದರು. ಬಟ್ಟೆಯ ಮೇಲೆ ಹಳದಿ ಗುರುತು ಹಾಕಿಸಿದರು. ನವೆಂಬರಿನಲ್ಲಿ ಅವರ ದೊಡ್ಡ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಇಟ್ಟರು. ನಾನು ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಕಳೆದವನು. ಈ ಅನುಕ್ರಮವನ್ನು ತಾವು ಗಮನಿಸಬೇಕೆಂದು ನನ್ನ ಕೋರಿಕೆ. ಮೊದಲು ಮುಟ್ಟಿದ್ದು ಖಾತೆಯನ್ನು, ವ್ಯವಹಾರವನ್ನು. ಮನುಷ್ಯನ ಜೀವಕ್ಕೆ ಕೈಹಾಕುವ ಮೊದಲು ಅವನ ಸಹಿಗೆ ಬೆಲೆ ಇಲ್ಲದಂತೆ ಮಾಡಿದರು.

1940ರ ಫೆಬ್ರವರಿ 8ರಂದು ಆಜ್ಞೆ ಹೊರಟಿತು. ಯಹೂದಿಗಳೆಲ್ಲ ಬವೂಟಿ ಮತ್ತು ಹಳೆಯ ಊರಿನೊಳಗೆ ಹೋಗಬೇಕು. ಏಪ್ರಿಲ್ 30ಕ್ಕೆ ಸುತ್ತ ಬೇಲಿ ಮುಚ್ಚಿತು. ಇಂಥ ಕೂಡುದೊಡ್ಡಿಗೆ ಘೆಟ್ಟೋ ಎನ್ನುತ್ತಾರೆ. ಸುಮಾರು ನಾಲ್ಕು ಚದರ ಕಿಲೋಮೀಟರ್ ಜಾಗದಲ್ಲಿ ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಜನ. ನಡುವೆ ಹಾದುಹೋಗುವ ಹೆದ್ದಾರಿಯಲ್ಲಿ ಹೊರಗಿನವರ ಟ್ರಾಮ್ ಗಾಡಿ ಓಡುತ್ತಿತ್ತು. ಆ ರಸ್ತೆ ಘೆಟ್ಟೋಕ್ಕೆ ಸೇರಿದ್ದಲ್ಲ. ಹಾಗಾಗಿ ಒಳಗಿನವರು ಈ ಕಡೆಯಿಂದ ಆ ಕಡೆಗೆ ಹೋಗಲು ಎತ್ತರದ ಮರದ ಸೇತುವೆ ಹತ್ತಿ ಇಳಿಯಬೇಕು. ಮೇಲೆ ಹಸಿದವರು, ಕೆಳಗೆ ಟ್ರಾಮಿನಲ್ಲಿ ಕೆಲಸಕ್ಕೆ ಹೋಗುವವರು. ಹೀಗೆ ನಾಲ್ಕು ವರ್ಷ ನಡೆಯಿತು.

ವಾರ್ಸಾ ನಗರದ ಘೆಟ್ಟೋದಲ್ಲಿ ಒಳಚರಂಡಿಯ ಮೂಲಕ ಕಳ್ಳತನದಲ್ಲಿ ಆಹಾರ ತರುತ್ತಿದ್ದರು. ಬವೂಟಿಯಲ್ಲಿ ಒಳಚರಂಡಿಯೇ ಇರಲಿಲ್ಲವಲ್ಲ, ಆ ದಾರಿಯೂ ಇಲ್ಲ. ಇನ್ನೊಂದು ದಾರಿಯನ್ನು ಹಣದ ಮೂಲಕ ಮುಚ್ಚಿದರು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

1940ರಲ್ಲಿ ಘೆಟ್ಟೋಕ್ಕೆಂದೇ ಬೇರೆ ನೋಟು ಅಚ್ಚಾಯಿತು. ಅದರ ಮೇಲೆ ನೋಟು ಎಂದು ಬರೆದಿರಲಿಲ್ಲ, ‘ರಸೀದಿ’ ಎಂಬ ಅರ್ಥದ ಜರ್ಮನ್ ಶಬ್ದವಿತ್ತು. ಒಳಗಿನವರು ತಮ್ಮಲ್ಲಿದ್ದ ಜರ್ಮನ್ ಮಾರ್ಕು, ಪೋಲಿಷ್ ನಾಣ್ಯ ಎಲ್ಲವನ್ನೂ ಕೊಟ್ಟು ಈ ರಸೀದಿಯನ್ನು ತೆಗೆದುಕೊಳ್ಳಬೇಕು. ಚಿನ್ನ, ಗಡಿಯಾರ, ತುಪ್ಪಟದ ಕೋಟು ಕೊಟ್ಟರೂ ಸಿಗುವುದು ಇದೇ ಕಾಗದ. ಘೆಟ್ಟೋದ ಬೇಲಿಯ ಆಚೆ ಈ ಕಾಗದಕ್ಕೆ ಕವಡೆಯ ಕಿಮ್ಮತ್ತೂ ಇಲ್ಲ. ಅಂದರೆ ಹೊರಗಿನವನೊಬ್ಬ ಒಂದು ರೊಟ್ಟಿಯನ್ನು ಮಾರಲು ಮನಸ್ಸು ಮಾಡಿದರೂ ಅವನಿಗೆ ಕೊಡಲು ಒಳಗಿನವರ ಕೈಯಲ್ಲಿ ಏನೂ ಉಳಿಯದಂತೆ ವ್ಯವಸ್ಥೆ. ನೋಟಿನ ಮೇಲೆ ಮೌಲ್ಯವಿದೆ, ಸಹಿಯಿದೆ, ಒಳಗೊಂದು ಬ್ಯಾಂಕೂ ಇದೆ. ಎಲ್ಲವೂ ಕ್ರಮಬದ್ಧ. ಆದರೆ ಆ ಕ್ರಮವೆಲ್ಲ ಒಂದು ದರೋಡೆಗೆ ಹಾಕಿದ ಅಂಗಿ.

ನೋಟಿನ ಮೇಲಿದ್ದ ಸಹಿ ಹಾಯಿಮ್ ರುಮ್ಕೋವ್‌ಸ್ಕಿ ಎಂಬ ವೃದ್ಧನದು. ಯುದ್ಧಕ್ಕೆ ಮೊದಲು ಅನಾಥಾಲಯ ನಡೆಸುತ್ತಿದ್ದ ಯಹೂದಿ. 1939ರ ಅಕ್ಟೋಬರಿನಲ್ಲಿ ಜರ್ಮನರು ಅವನನ್ನು ಯಹೂದಿಗಳ ಹಿರಿಯನೆಂದು ನೇಮಿಸಿದರು. ಜನ ಆ ನೋಟಿಗೆ ಅವನ ಹೆಸರಿನಿಂದಲೇ ‘ರುಮ್ಕಿ’ ಎಂದು ಅಡ್ಡ ಹೆಸರಿಟ್ಟರು. ಅವನ ಮೇಲೆ ಹಾನ್ಸ್ ಬೀಬೊ ಎಂಬ ಜರ್ಮನ್ ಅಧಿಕಾರಿ, ಮೂಲತಃ ಕಾಫಿ ವ್ಯಾಪಾರಿ.

ರುಮ್ಕೋವ್‌ಸ್ಕಿಯ ತರ್ಕ ಹೀಗಿತ್ತು. ಇದು ನೂಲಿನ ಊರು, ನಮ್ಮ ಜನ ದರ್ಜಿಗಳು, ನೇಕಾರರು. ಜರ್ಮನರಿಗೆ ನಮ್ಮ ದುಡಿಮೆಯಿಂದ ಲಾಭವಾದರೆ ಅವರು ನಮ್ಮನ್ನು ಬದುಕಗೊಡುತ್ತಾರೆ. ನೂರು ವರ್ಷದಿಂದ ಆ ಊರು ನಂಬಿಕೊಂಡು ಬಂದದ್ದೇ ದುಡಿಮೆಯನ್ನು. ಹಾಗಾಗಿ ಈ ಮಾತು ಬಹಳ ಜನರಿಗೆ ಸರಿಯೆನಿಸಿತು. ಸುಮಾರು ನೂರು ಕಾರ್ಯಾಗಾರಗಳು ಎದ್ದವು. ಜರ್ಮನ್ ಸೈನ್ಯದ ಸಮವಸ್ತ್ರ, ಬೂಟು, ಟೋಪಿ, ಅಂಗಡಿಗಳಿಗೆ ಬೇಕಾದ ಉಡುಪು ಎಲ್ಲ ಅಲ್ಲಿ ತಯಾರಾದವು. ಎಪ್ಪತ್ತು ಸಾವಿರ ಜನ ದುಡಿದರು. ಬೀಬೊನ ಕಚೇರಿಗೆ ಲಾಭವೂ ಬಂತು. ದುಡಿದವರಿಗೆ ಸಿಕ್ಕಿದ್ದು ನೀರು ಸಾರು, ಅಳತೆಯ ರೊಟ್ಟಿ. ಹಸಿವೆ, ಕ್ಷಯ, ವಿಷಮಜ್ವರದಿಂದ ಬೇಲಿಯ ಒಳಗೇ ಸತ್ತವರು ನಲವತ್ತು ಸಾವಿರಕ್ಕೂ ಹೆಚ್ಚು.

1941ರ ಕೊನೆಯಲ್ಲಿ ವಿಯೆನ್ನಾ, ಪ್ರಾಗ್, ಬರ್ಲಿನ್ ಮೊದಲಾದ ನಗರಗಳಿಂದ ಇಪ್ಪತ್ತು ಸಾವಿರ ಯಹೂದಿಗಳನ್ನು ಇಲ್ಲಿಗೇ ತಂದು ತುಂಬಿದರು. ಆಸ್ಟ್ರಿಯಾ ಕಡೆಯಿಂದ ಐದು ಸಾವಿರ ರೋಮಾ ಜನರನ್ನೂ ತಂದರು. ರೋಮಾ ಎಂದರೆ ಜಿಪ್ಸಿಗಳೆಂದು ಕರೆಸಿಕೊಂಡವರು, ನೂರಾರು ವರ್ಷಗಳ ಹಿಂದೆ ಭಾರತದ ಕಡೆಯಿಂದ ವಲಸೆ ಹೋದವರ ವಂಶಜರು. ಅದೇ ಡಿಸೆಂಬರಿನಲ್ಲಿ ಊರಿನಿಂದ ಸ್ವಲ್ಪ ದೂರದ ಹೆಲ್ಮ್ನೊ ಎಂಬ ಹಳ್ಳಿಯಲ್ಲಿ ಕೊಲೆಯ ಕೇಂದ್ರ ಶುರುವಾಯಿತು. ಜನರನ್ನು ಮುಚ್ಚಿದ ಲಾರಿಯಲ್ಲಿ ಕೂಡಿ, ಎಂಜಿನಿನ ಹೊಗೆಯನ್ನು ಒಳಗೇ ಬಿಟ್ಟು ಕೊಲ್ಲುವ ವಿಧಾನ. ರೋಮಾಗಳಲ್ಲಿ ಕಾಯಿಲೆಯಿಂದ ಉಳಿದವರನ್ನೆಲ್ಲ 1942ರ ಜನವರಿಯಲ್ಲಿ ಅಲ್ಲಿಗೆ ಒಯ್ದರು. ಅದೇ ತಿಂಗಳಿನಿಂದ ಮೇ ತಿಂಗಳವರೆಗೆ ಯಹೂದಿಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಹೋದರು. ಎಲ್ಲಿಗೆಂದು ಘೆಟ್ಟೋದವರಿಗೆ ಹೇಳಲಿಲ್ಲ.

1942ರ ಸೆಪ್ಟೆಂಬರ್ ಬಂತು. ಹತ್ತು ವರ್ಷದೊಳಗಿನ ಮಕ್ಕಳು, ಅರವತ್ತೈದು ದಾಟಿದ ಮುದುಕರು, ರೋಗಿಗಳು ಇವರನ್ನು ಒಪ್ಪಿಸಬೇಕೆಂದು ಜರ್ಮನರು ಹೇಳಿದರು. ದುಡಿಯಲಾರದವರು ಲೆಕ್ಕದಲ್ಲಿ ಖರ್ಚಿನ ಬಾಬು, ಅಷ್ಟೇ. 4ನೆಯ ತಾರೀಖು ರುಮ್ಕೋವ್‌ಸ್ಕಿ ಬಯಲಿನಲ್ಲಿ ಸೇರಿದ ಜನರ ಮುಂದೆ ನಿಂತು, ಉಳಿದವರು ಉಳಿಯಬೇಕಾದರೆ ಮಕ್ಕಳನ್ನು ಕೊಟ್ಟುಬಿಡಿ ಎಂದು ತಂದೆತಾಯಿಗಳನ್ನು ಬೇಡಿದ. ಯಾರೂ ಮನೆಯಿಂದ ಹೊರಬರಕೂಡದೆಂದು ಆಜ್ಞೆ ಮಾಡಿ, ಒಂದು ವಾರ ಮನೆ ಮನೆ ಹುಡುಕಿ ಎಳೆದೊಯ್ದರು. ಆ ತಿಂಗಳು ಹೋದವರು ಹದಿನೈದು ಸಾವಿರಕ್ಕೂ ಹೆಚ್ಚು. ರುಮ್ಕೋವ್‌ಸ್ಕಿ ದ್ರೋಹಿಯೋ, ದಾರಿ ಕಾಣದೆ ಹೋದವನೋ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಅವನ ಲೆಕ್ಕಕ್ಕೆ ಒಂದು ಆಧಾರವಿತ್ತು ಎನ್ನುವುದೂ ನಿಜ. ಪೋಲೆಂಡಿನ ಘೆಟ್ಟೋಗಳಲ್ಲಿ ಕೊನೆಯವರೆಗೆ ಉಳಿದದ್ದು ಇದೊಂದೇ. ಆದರೆ ಎದುರಿನವನು ವ್ಯಾಪಾರಕ್ಕೆ ಕೂತವನೇ ಅಲ್ಲ ಎಂಬುದನ್ನು ಆ ಲೆಕ್ಕ ಒಳಗೊಂಡಿರಲಿಲ್ಲ.

ಕೇಳುಗ ಬಾಂಧವರೇ, ಈಗ ರೇಡಿಯೋದ ಒಂದು ಸಂಗತಿ. ಘೆಟ್ಟೋದಲ್ಲಿ ರೇಡಿಯೋ ಇಟ್ಟುಕೊಂಡರೆ ಮರಣದಂಡನೆ. ಆದರೂ ಕೆಲವರು ಗುಟ್ಟಾಗಿ ಸೆಟ್ಟುಗಳನ್ನು ಅಡಗಿಸಿಟ್ಟು ಕೇಳುತ್ತಿದ್ದರು. ಕೇಳಿದ ಸುದ್ದಿಯನ್ನು ನಂಬಿಕೆಯವರ ಕಿವಿಗೆ ಹಾಕುತ್ತಿದ್ದರು. 1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಸೈನ್ಯ ಫ್ರಾನ್ಸಿನ ತೀರಕ್ಕೆ ಇಳಿದ ಸುದ್ದಿ ಘೆಟ್ಟೋದಲ್ಲಿ ಹಬ್ಬಿತು. ಜನರ ಮುಖದ ಕಳೆ ನೋಡಿಯೇ ಪೋಲೀಸರಿಗೆ ಸಂಶಯ ಬಂದಿರಬೇಕು. ಮರುದಿನದಿಂದಲೇ ಬಂಧನ. ಸುದ್ದಿ ಹಂಚುತ್ತಿದ್ದವರಲ್ಲಿ ಮುಖ್ಯನಾದ ಹಾಯಿಮ್ ವಿದಾವ್‌ಸ್ಕಿ ಎಂಬವನು ಹಿಂಸೆಗೆ ಬಾಯಿಬಿಟ್ಟೇನೆಂಬ ಭಯದಿಂದ ತಾನೇ ವಿಷ ತೆಗೆದುಕೊಂಡು ಸತ್ತ. ನಾವು ಬೇಕೆಂದಾಗ ಕಿವಿ ತಿರುವಿ ಹಾಡು ಕೇಳುವ ಈ ಪೆಟ್ಟಿಗೆಗಾಗಿ, ಒಂದು ನಿಜವಾದ ವಾರ್ತೆಗಾಗಿ, ಜನ ಜೀವ ಕೊಟ್ಟಿದ್ದಾರೆ.

ಆ ಆಗಸ್ಟಿನಲ್ಲಿ ಉಳಿದಿದ್ದ ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ರಾಡೆಗಾಸ್ಟ್ ಎಂಬ ಸಣ್ಣ ಸರಕು ನಿಲ್ದಾಣದಿಂದ ರೈಲಿಗೆ ಹತ್ತಿಸಿ ಆಶ್ವಿಟ್ಜ್ ಶಿಬಿರಕ್ಕೆ ಕಳಿಸಿದರು. ರುಮ್ಕೋವ್‌ಸ್ಕಿಯೂ ಕುಟುಂಬದೊಂದಿಗೆ ಹೋಗಿ ಅಲ್ಲೇ ಸತ್ತ. ಘೆಟ್ಟೋವನ್ನು ಗುಡಿಸಿ, ಉಳಿದ ವಸ್ತುಗಳನ್ನು ಜರ್ಮನಿಗೆ ಸಾಗಿಸಲೆಂದು ಕೆಲವು ನೂರು ಜನರನ್ನು ಮಾತ್ರ ಉಳಿಸಿಕೊಂಡರು. ಅವರನ್ನು ಹೂಳಲು ಸ್ಮಶಾನದಲ್ಲಿ ಗುಂಡಿಗಳನ್ನೂ ತೋಡಿಸಿದ್ದರು. 1945ರ ಜನವರಿ 19ರಂದು ಸೋವಿಯತ್ ಸೈನ್ಯ ಬಂದದ್ದರಿಂದ ಆ ಗುಂಡಿಗಳು ಖಾಲಿ ಉಳಿದವು. ಇಂದಿಗೂ ಅವನ್ನು ಅಲ್ಲಿ ನೋಡಬಹುದು. ಈ ಘೆಟ್ಟೋವನ್ನು ಹಾದುಹೋದವರು ಎರಡು ಲಕ್ಷಕ್ಕೂ ಮಿಕ್ಕಿ. ಯುದ್ಧ ಮುಗಿದಾಗ ಎಲ್ಲ ಶಿಬಿರಗಳಿಂದ ಸೇರಿ ಬದುಕಿ ಬಂದವರು ಕೆಲವೇ ಸಾವಿರ. ಬೀಬೊನನ್ನು ವೂಚಿನಲ್ಲೇ ವಿಚಾರಣೆ ಮಾಡಿ 1947ರಲ್ಲಿ ಗಲ್ಲಿಗೇರಿಸಿದರು.

ಇಷ್ಟೆಲ್ಲ ವಿವರ, ತಾರೀಖಿನ ಸಮೇತ, ನಮಗೆ ಹೇಗೆ ಗೊತ್ತು? ಆರಂಭದಲ್ಲಿ ಲೆಕ್ಕದ ಮಾತು ಎಂದೆನಲ್ಲ, ಅದು ಇದೇ.

1940ರ ನವೆಂಬರಿನಲ್ಲಿ ಘೆಟ್ಟೋದ ಆಡಳಿತದೊಳಗೆ ದಫ್ತರ ವಿಭಾಗವೊಂದು ಶುರುವಾಯಿತು. ಅದರಲ್ಲಿದ್ದ ಕೆಲವರು 1941ರ ಜನವರಿಯಿಂದ ದಿನಚರಿ ಬರೆಯತೊಡಗಿದರು. ಮೊದಲು ಪೋಲಿಷ್ ಭಾಷೆಯಲ್ಲಿ, ಆಮೇಲೆ ಜರ್ಮನ್‌ನಲ್ಲಿ. ಪ್ರಾಗ್‌ನಿಂದ ಬಂದ ಪತ್ರಕರ್ತ ಆಸ್ಕರ್ ಸಿಂಗರ್, ವಿಯೆನ್ನಾದ ಲೇಖಕ ಆಸ್ಕರ್ ರೋಜೆನ್‌ಫೆಲ್ಡ್ ಅವರಲ್ಲಿದ್ದರು. ಅದು ನಮ್ಮ ಅಂಗಡಿಗಳ ರೋಜು ಕೀರ್ದಿಯ ಹಾಗೆ. ಇಂದಿನ ಹವಾಮಾನ, ಇಂದು ಹುಟ್ಟಿದವರು ಇಷ್ಟು, ಸತ್ತವರು ಇಷ್ಟು, ಘೆಟ್ಟೋದ ಒಟ್ಟು ಜನಸಂಖ್ಯೆ ಇಷ್ಟು, ಇಂದು ಹಂಚಿದ ಪಡಿತರ ಇದು. ಜರ್ಮನರ ಕಣ್ಣಿಗೆ ಬೀಳಬಹುದೆಂದು ಮಾತುಗಳನ್ನು ತೂಗಿ ಬರೆದರು. ಬೈಗುಳವಿಲ್ಲ, ಗೋಳಾಟವಿಲ್ಲ. ಆದರೆ ಜನಸಂಖ್ಯೆಯ ಶಿಲ್ಕು ಒಂದು ದಿನದಿಂದ ಇನ್ನೊಂದು ದಿನಕ್ಕೆ ಸಾವಿರಗಟ್ಟಲೆ ಇಳಿದಾಗ ಓದುವವನಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಘೆಟ್ಟೋದಲ್ಲಿ ಹುಟ್ಟಿದ ಹೊಸ ಹೊಸ ಶಬ್ದಗಳನ್ನು, ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಒಂದು ಕೋಶವನ್ನೂ ಅವರು ಕೂಡಿಸಿದ್ದರು. 1944ರ ಜುಲೈ 30ಕ್ಕೆ ದಿನಚರಿ ನಿಂತಿತು. ಸಿಂಗರ್ ಬದುಕಿ ಬರಲಿಲ್ಲ, ರೋಜೆನ್‌ಫೆಲ್ಡ್‌ನೂ ಬರಲಿಲ್ಲ.

ಕಾಗದಗಳು ಮಾತ್ರ ಉಳಿದವು. ಗುಡಿಸಲು ಉಳಿಸಿಕೊಂಡವರಲ್ಲಿ ನಾಖ್ಮನ್ ಜೋನಾಬೆಂಡ್ ಎಂಬ ಅಂಚೆಯವನೊಬ್ಬನಿದ್ದ. ಅವನು ದಫ್ತರದ ಕಾಗದಗಳನ್ನು ಜೀವದ ಹಂಗು ತೊರೆದು ಅಡಗಿಸಿಟ್ಟ. ಹೆನ್ರಿಕ್ ರಾಸ್ ಎಂಬ ಛಾಯಾಗ್ರಾಹಕ ಗುಟ್ಟಾಗಿ ತೆಗೆದ ಫೋಟೋಗಳ ನೆಗೆಟಿವ್‌ಗಳನ್ನು ನೆಲದಲ್ಲಿ ಹೂತಿಟ್ಟು, ಬಿಡುಗಡೆಯಾದ ಮೇಲೆ ಅಗೆದು ತೆಗೆದ. ದಾವಿದ್ ಶೆರಾಕೋವ್ಯಾಕ್ ಎಂಬ ಬುದ್ಧಿವಂತ ಹುಡುಗ ನೋಟುಬುಕ್ಕುಗಳಲ್ಲಿ ತನ್ನ ಹಸಿವು, ಓದು, ಮನೆಯ ಜಗಳ ಎಲ್ಲ ಬರೆದಿದ್ದ. 1943ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ತೀರಿಕೊಂಡ. ಯುದ್ಧದ ನಂತರ ಅವುಗಳಲ್ಲಿ ಐದು ಪುಸ್ತಕಗಳು ಸಿಕ್ಕವು.

ಮುಂದಿನ ಕಥೆ ಚುಟುಕಾಗಿ. ಯುದ್ಧದಲ್ಲಿ ವಾರ್ಸಾ ನೆಲಸಮವಾಗಿತ್ತು, ವೂಚಿನ ಕಟ್ಟಡಗಳು ನಿಂತಿದ್ದವು. ಹೀಗಾಗಿ ಬದುಕುಳಿದ ಸಾವಿರಾರು ಯಹೂದಿಗಳು ಮೊದಲು ಇಲ್ಲಿಗೇ ಬಂದರು. ಆದರೆ 1946ರ ಜುಲೈಯಲ್ಲಿ ಕೀಲ್ಸೆ ಎಂಬ ಊರಿನಲ್ಲಿ, ಯುದ್ಧ ಮುಗಿದು ವರ್ಷವಾದ ಮೇಲೂ, ನಲವತ್ತಕ್ಕೂ ಹೆಚ್ಚು ಯಹೂದಿಗಳನ್ನು ಗುಂಪು ಕಟ್ಟಿ ಕೊಂದರು. ಬಹಳ ಜನ ದೇಶ ಬಿಟ್ಟರು. 1968ರಲ್ಲಿ ಸರಕಾರವೇ ಯಹೂದಿಗಳ ವಿರುದ್ಧ ಪ್ರಚಾರ ನಡೆಸಿದಾಗ ಉಳಿದವರಲ್ಲಿಯೂ ಹೆಚ್ಚಿನವರು ಹೊರಟರು. ವಾರ್ಸಾ ಘೆಟ್ಟೋದ ಬಂಡಾಯದ ನಾಯಕರಲ್ಲಿ ಒಬ್ಬರಾದ ಮಾರೆಕ್ ಎಡೆಲ್‌ಮನ್ ಮಾತ್ರ ಹೋಗಲಿಲ್ಲ. ವೂಚಿನಲ್ಲೇ ಹೃದಯದ ವೈದ್ಯರಾಗಿ ಬಾಳಿ 2009ರಲ್ಲಿ ತೀರಿಕೊಂಡರು.

ಗಿರಣಿಗಳು ಸರಕಾರದ ಕೈಗೆ ಹೋದವು. 1971ರ ಫೆಬ್ರವರಿಯಲ್ಲಿ ಅಲ್ಲಿನ ಗಿರಣಿಗಳ ಹೆಂಗಸರು ಮುಷ್ಕರ ಹೂಡಿ, ಏರಿಸಿದ್ದ ಆಹಾರದ ಬೆಲೆಯನ್ನು ಇಳಿಸುವ ಹಾಗೆ ಮಾಡಿದರು. 1989ರ ನಂತರ ರಾಜ್ಯಪದ್ಧತಿ ಬದಲಾಯಿತು, ಪೂರ್ವದ ಮಾರುಕಟ್ಟೆ ಕುಸಿಯಿತು, ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಪೊಜ್ನಾನ್‌ಸ್ಕಿಯ ಗಿರಣಿಯ ಕೆಂಪು ಇಟ್ಟಿಗೆಯ ಆವರಣ 2006ರಲ್ಲಿ ದೊಡ್ಡ ಮಾರಾಟ ಮಳಿಗೆಯಾಗಿ ತೆರೆಯಿತು. ಅವನ ಅರಮನೆಯಲ್ಲಿ ಊರಿನ ವಸ್ತು ಸಂಗ್ರಹಾಲಯವಿದೆ. 1892ರಲ್ಲಿ ತೆರೆದ ಯಹೂದಿ ಸ್ಮಶಾನ ಹಾಗೇ ಇದೆ, ಯುರೋಪಿನ ಬಹು ದೊಡ್ಡ ಯಹೂದಿ ಸ್ಮಶಾನಗಳಲ್ಲಿ ಒಂದು. ಪೊಜ್ನಾನ್‌ಸ್ಕಿಯ ಭವ್ಯ ಗೋರಿಯೂ, ಘೆಟ್ಟೋದಲ್ಲಿ ಸತ್ತ ನಲವತ್ತು ಸಾವಿರ ಜನರ ಬಯಲೂ ಒಂದೇ ಗೋಡೆಯ ಒಳಗಿವೆ. ರಾಡೆಗಾಸ್ಟ್ ನಿಲ್ದಾಣ ಸ್ಮಾರಕವಾಗಿದೆ. ಅಲ್ಲಿ ಗಡೀಪಾರಾದವರ ಹೆಸರಿನ ಪಟ್ಟಿಗಳನ್ನು ನೋಡಲು ಇಟ್ಟಿದ್ದಾರೆ. ಆ ದಿನಚರಿ 2009ರಲ್ಲಿ ಐದು ಸಂಪುಟಗಳಾಗಿ ಪೋಲಿಷ್ ಭಾಷೆಯಲ್ಲಿ ಅಚ್ಚಾಯಿತು. ಅಂದರೆ ಆ ಊರಿನವರೇ, ತಮ್ಮ ನೆರೆಯಲ್ಲಿದ್ದವರ ಕೀರ್ದಿಯನ್ನು ತಮ್ಮ ಭಾಷೆಯಲ್ಲಿ ಓದುತ್ತಿದ್ದಾರೆ.

ಬ್ಯಾಂಕಿನಲ್ಲಿ ಸಂಜೆ ಶಿಲ್ಕು ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಒಂದು ರೂಪಾಯಿ ಕಮ್ಮಿ ಬಿದ್ದರೂ ಅದು ಎಲ್ಲಿ ಹೋಯಿತೆಂದು ಹುಡುಕಬೇಕು. ಘೆಟ್ಟೋದ ಆ ಬರಹಗಾರರು ಹಣಕ್ಕಲ್ಲ, ಮನುಷ್ಯರಿಗೆ ಈ ನಿಯಮ ಹಾಕಿಕೊಂಡಿದ್ದರು. ತಮ್ಮ ಹೊಟ್ಟೆ ಖಾಲಿಯಿದ್ದರೂ ಪ್ರತಿ ಸಂಜೆ ಎಷ್ಟು ಜನ ಕಮ್ಮಿಯಾದರೆಂದು ಬರೆದಿಟ್ಟು ಮಲಗಿದರು. ತಮ್ಮ ಊರಿನಲ್ಲಿಯೂ ಒಂದು ಹಳೆಯ ಗಿರಣಿಯೋ, ಬಳಕೆ ತಪ್ಪಿದ ಓಣಿಯೋ, ಈಗ ಅಲ್ಲಿಲ್ಲದ ಒಂದು ಜನವೋ ಇರಬಹುದು. ಅವರ ಹೆಸರು, ಕಸುಬು, ಆಡುತ್ತಿದ್ದ ಮಾತು ಬಲ್ಲ ಹಿರಿಯರು ಇನ್ನೂ ಇದ್ದರೆ, ಒಂದು ನೋಟುಬುಕ್ಕು ಹಿಡಿದು ಅವರ ಹತ್ತಿರ ಕೂತುಕೊಳ್ಳಿ. ಕನ್ನಡದಲ್ಲಾಗಲಿ, ಪೇಟೆಯ ಭಾಷೆಯಲ್ಲಾಗಲಿ, ಬರೆಯಲು ಬಂದದ್ದರಲ್ಲಿ ಬರೆದಿಡಿ.